ತಕ್ತ್‌ಸಾಂಗ್ ಮಠ: ಮಂಡಿ ನೋವಿರುವವರು ಹತ್ತಬಹುದಾ?

ಚಾರಣಾಸಕ್ತ:
ನವೆಂಬರ್‌ನಲ್ಲಿ ಭೂತಾನ್‌ಗೆ ಹೊರಟಿದ್ದೇವೆ. ಅಲ್ಲಿನ ಪಾರೋದಲ್ಲಿ ಕಡಿಬಂಡೆಗೆ ಅಂಟಿಕೊಂಡಿರುವ ಬೌದ್ಧ ಮಠ ತಕ್ತ್‌ಸಾಂಗ್‌ಗೆ ಒಂದು ದಿನ ಇಟ್ಟಿದ್ದೇವೆ. ಅಮ್ಮನಿಗೆ 64, ಮಂಡಿ ನೋವಿದೆ. ಕುದುರೆ ಮಾಡಿಕೊಂಡರೆ ಮಠದವರೆಗೂ ಹೋಗಬಹುದಾ? ಎಷ್ಟು ಹೊತ್ತಿಗೆ ಹೊರಡಬೇಕು?

ಮಲೆದಾರಿ:
ಕುದುರೆ ಹೋಗುವುದು ಕೆಫೆಟೇರಿಯಾ ತನಕ, ಅಂದರೆ ಹೆಚ್ಚುಕಡಿಮೆ ಅರ್ಧ ದಾರಿ. ಇಳಿಯುವಾಗ ಸವಾರಿ ಇಲ್ಲ, ನಡೆದೇ ಬರಬೇಕು. ಮಂಡಿಗೆ ನಿಜವಾದ ಪೆಟ್ಟು ಬೀಳುವುದೂ ಅಲ್ಲೇ. ಹತ್ತುವಾಗ ಉಸಿರು ಏರುತ್ತದೆ, ಇಳಿಯುವಾಗ ಮೈಭಾರವೆಲ್ಲ ಮಂಡಿ ಮೇಲೆ.

ಇನ್ನೊಂದು ವಿಷಯ ಹಲವರಿಗೆ ಗೊತ್ತಿರುವುದಿಲ್ಲ. ಮಠ ಎದುರಿಗೇ ಕಾಣುವ ಜಾಗ ತಲುಪಿದ ಮೇಲೂ ನಡುವೆ ಕಣಿವೆ ಇದೆ. ಮೆಟ್ಟಿಲಿಳಿದು, ಜಲಪಾತದ ಪಕ್ಕದ ಸೇತುವೆ ದಾಟಿ, ಮತ್ತೆ ಮೆಟ್ಟಿಲು ಹತ್ತಬೇಕು. ಎಲ್ಲ ಸೇರಿ ಸುಮಾರು 700 ಮೆಟ್ಟಿಲು, ಬರುವಾಗ ಮತ್ತೆ ಅಷ್ಟೇ. ಅಮ್ಮನಿಗೆ ಕೆಫೆಟೇರಿಯಾವೇ ಸರಿಯಾದ ಗುರಿ; ಅಲ್ಲಿಂದಲೂ ಮಠ ಚೆನ್ನಾಗಿ ಕಾಣುತ್ತದೆ. ಇಳಿಯಲು ಉದ್ದ ಹೆಚ್ಚುಕಡಿಮೆ ಮಾಡಬಹುದಾದ ಎರಡು ಊರುಗೋಲು ಇರಲಿ, ಒಂದು ಸಾಲದು. ಇಳಿಯುವಾಗ ಅವನ್ನು ಸ್ವಲ್ಪ ಉದ್ದ ಮಾಡಿಕೊಳ್ಳಿ.

ಬೆಟ್ಟದ ಹಾದಿ:
ಬೆಳಿಗ್ಗೆ 8ಕ್ಕೆ ಹತ್ತಲು ಶುರು ಮಾಡಿ. ಕೆಫೆಟೇರಿಯಾಕ್ಕೆ ಒಂದೂವರೆ ಗಂಟೆ, ಅಲ್ಲಿಂದ ಮಠಕ್ಕೆ ಇನ್ನೊಂದೂವರೆ ಅಂತ ಇಟ್ಟುಕೊಳ್ಳಿ. ಮಧ್ಯಾಹ್ನ 1ರಿಂದ 2ರವರೆಗೆ ಮಠ ಮುಚ್ಚಿರುತ್ತದೆ. ತಡವಾಗಿ ಹೊರಟವರು ಸರಿಯಾಗಿ ಆ ಹೊತ್ತಿಗೇ ಬಾಗಿಲಿಗೆ ಬಂದು, ಬೆವರಿದ ಮೈಯಲ್ಲಿ ಚಳಿಯಲ್ಲೇ ಕಾಯಬೇಕಾಗುತ್ತದೆ.

ಟಿಕೆಟನ್ನು ಕೆಳಗೇ ತೆಗೆದುಕೊಳ್ಳಿ, ಮೇಲೆ ಸಿಗುವುದಿಲ್ಲ. ತುಂಬುತೋಳಿನ ಅಂಗಿ, ಕಾಲು ಮುಚ್ಚುವ ಪ್ಯಾಂಟ್ ಕಡ್ಡಾಯ. ಮೊಬೈಲ್, ಕ್ಯಾಮೆರಾ, ಬ್ಯಾಗು ಎಲ್ಲ ಬಾಗಿಲಲ್ಲೇ ಲಾಕರ್‌ನಲ್ಲಿಡಬೇಕು. ಫೋಟೊ ಆಸೆಯನ್ನು ಎದುರು ಬೆಟ್ಟದಲ್ಲೇ ತೀರಿಸಿಕೊಳ್ಳಿ. ಗುಡಿಗಳೊಳಗೆ ಚಪ್ಪಲಿ, ಶೂ ಇಲ್ಲ, ನೆಲ ಕೊರೆಯುತ್ತದೆ. ದಪ್ಪ ಕಾಲುಚೀಲ ಜೇಬಿನಲ್ಲಿರಲಿ.

ಮಲೆದಾರಿ:
ಮಠ ಇರುವುದು ಸುಮಾರು 3,120 ಮೀಟರ್ ಎತ್ತರದಲ್ಲಿ. ಬಂದಿಳಿದ ಮರುದಿನವೇ ಹತ್ತಬೇಡಿ, ಪ್ರವಾಸದ ಕೊನೆಗೆ ಇಟ್ಟುಕೊಳ್ಳಿ. ಅಷ್ಟರಲ್ಲಿ ಮೈ ಎತ್ತರಕ್ಕೆ ಒಗ್ಗಿರುತ್ತದೆ.

ಹಳೆಗುಡಿ:
ಒಳಗೆ ಹೋಗುವವರು ಗಡಿಬಿಡಿ ಮಾಡಬೇಡಿ. ಬೌದ್ಧ ಗುರು ಪದ್ಮಸಂಭವರು ಧ್ಯಾನ ಮಾಡಿದರೆಂದು ನಂಬುವ ಗುಹೆಯ ಸುತ್ತ 1692ರಲ್ಲಿ ಭೂತಾನ್‌ನ ಆಗಿನ ಆಡಳಿತಗಾರ ತೆಂಜಿನ್ ರಬ್ಗ್ಯೆ ಕಟ್ಟಿಸಿದ ಮಠ ಇದು. 1998ರ ಬೆಂಕಿಯಲ್ಲಿ ಬಹುಪಾಲು ಸುಟ್ಟುಹೋಯಿತು. ಈಗ ಕಾಣುವುದು 2005ರ ಹೊತ್ತಿಗೆ ಮುಗಿದ ಮರುನಿರ್ಮಾಣ. ಆದರೂ ಬಂಡೆಗೆ ಅಂಟಿಕೊಂಡ ಗೋಡೆಗಳನ್ನು ಗಮನಿಸಿ: ಎಷ್ಟೋ ಕಡೆ ಗುಡಿಯ ಒಳಗೋಡೆ ಬೆಟ್ಟದ ಕಲ್ಲೇ. ಇದಕ್ಕೆ ಮುಕ್ಕಾಲು ಗಂಟೆಯಾದರೂ ಬೇಕು. ಅಮ್ಮ ಕೆಫೆಟೇರಿಯಾದಲ್ಲಿ ಕೂರುವುದಾದರೆ ಮೂರೂವರೆ ಗಂಟೆಯಾದರೂ ಕಾಯಬೇಕಾಗುತ್ತದೆ, ಜೊತೆಗೆ ಒಬ್ಬರು ಇರಲಿ.