ಮನೆ ಕಂಪ್ಯೂಟರಿನ ಪುಟ ಹೊರಗಿನವರಿಗೆ ಕಾಣಿಸುವುದು ಹೇಗೆ? ಮಾಡಿದವರು ಹೇಳಿ

ನೀರ್ಚಾಲಿನವ:
ಅಪ್ಪ ಬರೆದಿಟ್ಟ ತಾಳಮದ್ದಳೆಯ ಟಿಪ್ಪಣಿ, ಹಳೆಯ ಫೋಟೋ ಎಲ್ಲ ಸೇರಿಸಿ ಎಚ್‌ಟಿಎಂಎಲ್ ಪುಟ ಮಾಡಿದ್ದೇನೆ. ಒಟ್ಟು 600 ಎಂಬಿ. ಕ್ಸಾಂಪ್ ಎಂಬ ಸರ್ವರ್ ತಂತ್ರಾಂಶ ಹಾಕಿ ಲೋಕಲ್‌ಹೋಸ್ಟ್‌ನಲ್ಲಿ, ಅಂದರೆ ಇದೇ ಕಂಪ್ಯೂಟರಿನಲ್ಲಿ, ನೋಡಿದರೆ ಚಂದ ಕಾಣುತ್ತದೆ. ಪುಣೆಯ ತಂಗಿಗೆ ಅದೇ ಲಿಂಕ್ ಕಳಿಸಿದರೆ ಏನೂ ಬರುವುದಿಲ್ಲವಂತೆ. ಮನೆಯಿಂದಲೇ ತೋರಿಸಲು ಆಗುತ್ತದಾ?

ಪೆರ್ಲದವ:
ಆಗುತ್ತದೆ. ಆದರೆ ನನ್ನ ಮೂರು ತಿಂಗಳು ಹೋಯಿತು. ಕಂಪ್ಯೂಟರಿಗೆ 192.168.1.50 ಅಂತ ಮನೆಯೊಳಗಿನ ಖಾಯಂ ನಂಬರ್ ಕೊಟ್ಟೆ. ಹೊರಗಿನಿಂದ ಬಂದದ್ದು ಅದಕ್ಕೆ ಹೋಗಲಿ ಅಂತ ರೌಟರಿನಲ್ಲಿ ಪೋರ್ಟ್ 80 ಫಾರ್ವರ್ಡ್ ಮಾಡಿದೆ. ಫೈರ್‌ವಾಲ್‌ನಲ್ಲೂ ದಾರಿ ಬಿಟ್ಟೆ. ಹೊರಗಿನಿಂದ ಸುದ್ದಿಯೇ ಇಲ್ಲ. ರೌಟರೇ ಹಾಳು ಅಂತ ಹೊಸದು ತಂದೆ, 2,900 ರೂಪಾಯಿ. ಅದೂ ಅದೇ ಕಥೆ. ಬದಲಾಯಿಸಲು ಎರಡು ಸಲ ಕಾಸರಗೋಡಿಗೆ ಬಸ್ಸು, ಅದೂ ಅಡಿಕೆ ಕೊಯ್ಲಿನ ಹೊತ್ತಿನಲ್ಲಿ. ಕೊನೆಗೊಂದು ರಾತ್ರಿ ರೌಟರಿನ ವ್ಯಾನ್ (ಹೊರಗಿನ ಸಂಪರ್ಕದ) ಪುಟ ತೆರೆದರೆ ವಿಳಾಸ 100.72 ಅಂತ ಶುರು! 100.64ರಿಂದ 100.127ರವರೆಗೆ ಇದ್ದರೆ ಅದು ಸಿಜಿನ್ಯಾಟ್. ಅಂದರೆ ಇಂಟರ್ನೆಟ್ ಕಂಪೆನಿಯವರು ಎಷ್ಟೋ ಮನೆಗಳಿಗೆ ಹೊರಗಿನ ಒಂದೇ ವಿಳಾಸ ಹಂಚಿರುತ್ತಾರೆ. ನಾವು ಚಾವಡಿ ಬಾಗಿಲು ತೆಗೆದಿಟ್ಟು ಏನು ಬಂತು, ತಡಮೆ ಅವರ ಕೈಯಲ್ಲಿ. ಸ್ಟ್ಯಾಟಿಕ್ ಐಪಿ, ಅಂದರೆ ನಮಗೇ ಅಂತ ಖಾಯಂ ಹೊರವಿಳಾಸ, ಕೇಳಲು ಕಂಪೆನಿಗೆ ಫೋನ್ ಮಾಡಿದರೆ ಆಚೆಯವನಿಗೆ ಕನ್ನಡ ಬಾರದು, ನನ್ನ ಮಲಯಾಳ ಕೇಳಿ ಅವನಿಗೆ ನಗು. ದುಡ್ಡು ಕಟ್ಟಿದೆ. ಈಗ ನಡೆಯುತ್ತಿದೆ.

ಉಪ್ಪಳದ ಅಕ್ಕ:
ರೌಟರ್ ಯಾಕೆ ತಂದಿರಿ ಮಾರಾಯ್ರೇ! ಟನಲ್ ಹಾಕಿದ್ದರೆ ಹತ್ತು ನಿಮಿಷದ ಕೆಲಸ. ನನ್ನದು ಕ್ಲೌಡ್‌ಫ್ಲೇರ್ ಕಂಪೆನಿಯದ್ದು. ನಮ್ಮ ಕಂಪ್ಯೂಟರೇ ಹೊರಗೆ ಕರೆ ಮಾಡಿ ದಾರಿ ಮಾಡಿಕೊಳ್ಳುತ್ತದೆ, ಸಿಜಿನ್ಯಾಟ್ ಅಡ್ಡ ಬರುವುದಿಲ್ಲ. ಪುಕ್ಕಟೆ ವಿಳಾಸ ಮಾತ್ರ ನಿಲ್ಲಿಸಿ ಶುರು ಮಾಡಿದ ಪ್ರತಿ ಸಲ ಬದಲಾಗುತ್ತದೆ. ಖಾಯಂ ಬೇಕಾದರೆ ಸ್ವಂತ ಡೊಮೈನ್ ತೆಗೆದುಕೊಳ್ಳಿ.

ನಾನು ಎಡವಿದ್ದು ಬೇರೆ ಕಡೆ. ಪೈಥಾನಿನ ಎಚ್‌ಟಿಟಿಪಿ ಸರ್ವರ್ ಹಾಕಿದ್ದೆ, ಪೋರ್ಟ್ 8000. ಆದರೆ ಫೋಲ್ಡರಿನ ಒಳಗೆ ಹೋಗದೆ ಡಿ ಡ್ರೈವಿನಲ್ಲೇ ನಿಂತು ಶುರು ಮಾಡಿದೆ. ಅಲ್ಲಿ ಇಂಡೆಕ್ಸ್ ಫೈಲ್ ಇಲ್ಲದಿದ್ದರೆ ಅದು ಇರುವ ಫೈಲುಗಳ ಪಟ್ಟಿಯನ್ನೇ ಬಿಚ್ಚಿಡುತ್ತದೆ. ಮಗಳ ಜಾತಕ ಗಂಡಿನ ಕಡೆಯವರಿಗಿಂತ ಮೊದಲು ಪುತ್ತೂರಿನ ಭಾವ ಓದಿ ಆಗಿತ್ತು. ಫೋನ್ ಮಾಡಿ "ಕುಜದೋಷ ಉಂಟಲ್ಲ ಅತ್ತಿಗೆ" ಅಂದರು.

ಮುಳ್ಳೇರಿಯದವ:
ಟನಲ್ ಅಂದರೆ ಬಾಡಿಗೆಗೆ ತಂದ ಕೊಡೆ. ನಾನು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನಲ್ಲಿ ಮಾಡಿದವ. ಮೊದಲ ಮಳೆಗಾಲದಲ್ಲೇ ಕರೆಂಟು ಹೋಗಿ ಬಂದು ಎರಡು ಎಸ್‌ಡಿ ಕಾರ್ಡ್ ಸತ್ತವು, 450 ಮತ್ತು 620. ಆಮೇಲೆ ಎಸ್‌ಎಸ್‌ಡಿ ಹಾಕಿದೆ. ತುಲಾ ತಿಂಗಳ ಸಿಡಿಲಿಗೆ ಅಡಾಪ್ಟರ್ ಹೋಯಿತು. ಇನ್ವರ್ಟರಿಗೆ ಹೊಸ ಬ್ಯಾಟರಿ, 14,500. ಹೆಂಡತಿಯ ಹತ್ತಿರ ಫ್ರಿಜ್ಜಿಗೆ ಅಂತ ಹೇಳಿದ್ದೇನೆ. ವಿಂಡೋಸಿನಿಂದ ಫೈಲ್ ತಂದ ದಿನ ಅರ್ಧ ಫೋಟೋ ಕಾಣಲಿಲ್ಲ. ಹೆಸರಿನಲ್ಲಿ ಜೆಪಿಜಿ ದೊಡ್ಡಕ್ಷರ, ಪುಟದಲ್ಲಿ ಸಣ್ಣಕ್ಷರ. ವಿಂಡೋಸ್ ಸುಮ್ನಿರುತ್ತದೆ, ಲಿನಕ್ಸ್ ಬಿಡುವುದಿಲ್ಲ. 340 ಫೈಲುಗಳ ಹೆಸರು ಕೂತು ತಿದ್ದಿದೆ. ಆದರೂ ಸರ್ವರ್ ನನ್ನದೇ.

ಉಪ್ಪಳದ ಅಕ್ಕ:
ತಿದ್ದಲು ಒಂದು ಸಾಲಿನ ಕಮಾಂಡ್ ಸಾಕಿತ್ತು. ನಿಮ್ಮ ಬಾಡಿಗೆ ಇಲ್ಲದ ಕೊಡೆಗೆ 15,000 ಮೇಲೆ ಆಯಿತಲ್ಲ. ನನಗೆ ಆದದ್ದು ಡೊಮೈನಿನ ಖರ್ಚು ಮಾತ್ರ.

ಮುಳ್ಳೇರಿಯದವ:
ಜಾತಕ ಊರಿಗೆಲ್ಲ ಹಂಚಿದವರು ಲೆಕ್ಕ ಹೇಳಬೇಡಿ. ಕ್ಸಾಂಪ್ ಮೇಲೆ ಹಾಗೇ ಟನಲ್ ಎಳೆದರೆ ಏನಾಗುತ್ತದೆ ಗೊತ್ತುಂಟಾ? ಹೊರಗಿನಿಂದ ಬಂದವರೂ ಕ್ಸಾಂಪಿನೊಳಗಿನ ಸರ್ವರ್ ಅಪಾಚೆಗೆ ಮನೆಯವರ ಹಾಗೆ ಕಾಣುತ್ತಾರೆ. ಡೇಟಾಬೇಸ್ ನೋಡಿಕೊಳ್ಳುವ ಪಿಎಚ್‌ಪಿ ಮೈಅಡ್ಮಿನ್ ಬಾಗಿಲು ತೆರೆದೇ ಇರುತ್ತದೆ, ಯಜಮಾನ ಖಾತೆ ರೂಟಿಗೆ ಪಾಸ್‌ವರ್ಡೂ ಇರುವುದಿಲ್ಲ.

ಬದಿಯಡ್ಕದ ಮಾಷ್ಟ್ರು:
ಜಗಳ ಸಾಕು. ಬರೀ ಪುಟ, ಫೋಟೋ ಆದರೆ ಗಿಟ್‌ಹಬ್ ಪೇಜಸ್ ಎಂಬ ಜಾಲತಾಣ ಸೇವೆಯಲ್ಲಿ ಇಡಿ. 1 ಜಿಬಿವರೆಗೆ ಪುಕ್ಕಟೆ. ನಾನು ಶಾಲೆಯ ಹಳೆಯ ಸಂಚಿಕೆಗಳನ್ನು ಹಾಗೇ ಇಟ್ಟೆ. ಎಲ್ಲ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದು, ಆ ಫಾಂಟ್ ಇಲ್ಲದ ಕಡೆ ಓದಲಾಗದು. ಎಲ್ಲ ಕಡೆ ಕಾಣುವ ಯೂನಿಕೋಡ್ ಮಾಡಿಸಲು ಒಂದು ಬೇಸಗೆ ರಜೆ ಪೂರ್ತಿ ಹೋಯಿತು. ಅರ್ಕಾವೊತ್ತು ಎಲ್ಲ ಅಡಿಮೇಲು.

ಪೆರ್ಲದವ:
ಮಾಷ್ಟ್ರೇ, ಅವರು ಕೇಳಿದ್ದು ಮನೆಯಿಂದ. ಮತ್ತೆ ಅಲ್ಲಿ ಇಟ್ಟರೆ ಲೋಕಕ್ಕೆಲ್ಲ ಕಾಣುತ್ತದೆ.

ಬದಿಯಡ್ಕದ ಮಾಷ್ಟ್ರು:
ತಾಳಮದ್ದಳೆ ಲೋಕಕ್ಕೆ ಕಂಡರೆ ಏನು ನಷ್ಟ? ನುಡಿ ಫಾಂಟಿನ ಬಗ್ಗೆ ಯಾರೂ ಏನೂ ಹೇಳಲಿಲ್ಲ.

ನೀರ್ಚಾಲಿನವ:
ನೋಡಿದೆ, ನಮ್ಮದು 100.81. ಕ್ಸಾಂಪ್ ತೆಗೆದು, ಆ ಫೋಲ್ಡರಿಗೆ ಮಾತ್ರ ಪೈಥಾನ್ ಸರ್ವರ್ ಹಾಕಿ ಅಕ್ಕ ಹೇಳಿದ ಟನಲ್ ಎಳೆದೆ. ತಂಗಿಗೆ ಫೋಟೋ ಕಂಡಿತು. ಅಪ್ಪನ ಟಿಪ್ಪಣಿ ಮಾತ್ರ ಇಂಗ್ಲಿಷ್ ಅಕ್ಷರ ಕಲಸಿದ ಹಾಗೆ ಬರುತ್ತಿದೆಯಂತೆ. ನಾನೂ ನುಡಿಯಲ್ಲೇ ಟೈಪ್ ಮಾಡಿದ್ದು ಮಾಷ್ಟ್ರೇ. ಕೇಳೋಣ ಅಂತ ಕೂತಾಗ ಕರೆಂಟು ಹೋಯಿತು, ಈಗ ಮೊಬೈಲಿನಿಂದ ಬರೆಯುತ್ತಿದ್ದೇನೆ.

ಮುಳ್ಳೇರಿಯದವ:
ನನ್ನ ಹಳೆಯ ಬ್ಯಾಟರಿ ಇದೆ. ಬೇಕಾದರೆ ಬಂದು ಕೊಂಡುಹೋಗಿ. ಭಾನುವಾರ ಬೇಡ, ಹೆಂಡತಿ ಮನೆಯಲ್ಲಿರುತ್ತಾಳೆ.