‘ನೆರೆಹೊರೆ ಪರಿಷತ್ತು’ ಸರಿಯೇ? ವಾರ್ಡ್ ಸಮಿತಿ, ವಾರ್ಡ್ ಸಭೆ, ಓಣಿ ಕಮಿಟಿ

ಪ್ರಶ್ನೆ (ಧಾರವಾಡ): ಅಮೆರಿಕದ ಲಾಸ್ ಏಂಜಲೀಸ್ ನಗರಾಡಳಿತದಲ್ಲಿ ಆಯಾ ಭಾಗದ ಜನರೇ ಆರಿಸುವ ಮಂಡಳಿಯಾದ ‘ನೇಬರ್‌ಹುಡ್ ಕೌನ್ಸಿಲ್’ಗೆ ಕನ್ನಡದಲ್ಲಿ ಏನನ್ನಬೇಕು? ‘ನೆರೆಹೊರೆ ಪರಿಷತ್ತು’, ‘ವಾರ್ಡ್ ಸಮಿತಿ’, ‘ಓಣಿ ಸಭೆ’ ಎಂಬ ಮೂರು ಸಲಹೆ ಬಂದಿವೆ. ನಮ್ಮ ಭಾಗದ ಓದುಗರಿಗೆ ಯಾವುದು ಒಪ್ಪುತ್ತದೆ?

ಉತ್ತರ (ಹುಬ್ಬಳ್ಳಿ): ‘ವಾರ್ಡ್ ಸಮಿತಿ’ಯನ್ನು ಮೊದಲೇ ಬಿಡಿರಿ. ಅದು ನಮ್ಮಲ್ಲಿ ಕಾನೂನಿನ ಪದ. ಸಂವಿಧಾನದ 243ಎಸ್ ವಿಧಿಯಂತೆ 3 ಲಕ್ಷ ಮತ್ತು ಅದಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ಇದು ಕಡ್ಡಾಯ. ಹುಬ್ಬಳ್ಳಿ-ಧಾರವಾಡ ಪಾಲಿಕೆಗೆ ಅನ್ವಯಿಸುತ್ತದೆ. 2011ರ ಗಣತಿಯಲ್ಲಿ 1.72 ಲಕ್ಷ ಜನರಿದ್ದ ಗದಗ-ಬೆಟಗೇರಿ ನಗರಸಭೆಗೆ ಆ ಕಡ್ಡಾಯವಿಲ್ಲ. ನಮ್ಮ ಸಮಿತಿಗೆ ವಾರ್ಡಿನ ಪಾಲಿಕೆ ಸದಸ್ಯರೇ ಅಧ್ಯಕ್ಷರು, ಉಳಿದವರು ನಾಮನಿರ್ದೇಶಿತರು. ಲಾಸ್ ಏಂಜಲೀಸಿನ ಮಂಡಳಿಯನ್ನು ಜನರೇ ಆರಿಸುತ್ತಾರೆ, ನಗರ ಕೌನ್ಸಿಲಿನ ಸದಸ್ಯರು ಅದರ ಅಧ್ಯಕ್ಷರಲ್ಲ. ಹೆಸರು ಒಂದೇ ಆದರೆ ಈ ಮುಖ್ಯ ಭೇದವೇ ಅಳಿಸಿಹೋಗುತ್ತದೆ.

‘ವಾರ್ಡ್ ಸಭೆ’ ಮತ್ತೂ ಬೇರೆ. ಅದು ಗ್ರಾಮ ಪಂಚಾಯ್ತಿಯದು, ಆ ವಾರ್ಡಿನ ಮತದಾರರೆಲ್ಲ ಕೂಡುವ ಸಭೆ. ಪಾಲಿಕೆಗೆ ಅರ್ಜಿ ಬರೆಯುವಾಗ ‘ವಾರ್ಡ್ ಸಭೆ ಕರೆಯಿರಿ’ ಎಂದರೆ ಬೇರೆ ಕಾನೂನಿನ ಸಭೆಯನ್ನು ಕೇಳಿದಂತಾಗುತ್ತದೆ. ‘ವಾರ್ಡ್ ಸಮಿತಿಯ ಸಭೆ’ ಎಂದೇ ಬರೆಯಬೇಕು.

‘ಓಣಿ’ ನನಗೆ ಬಹಳ ಪ್ರಿಯವಾದ ಪದ. ಮೈಸೂರು ಕಡೆ ಅದು ಇಕ್ಕಟ್ಟಾದ ದಾರಿ. ನಮ್ಮಲ್ಲಿ ಯಲ್ಲಾಪುರ ಓಣಿ, ವೀರಾಪುರ ಓಣಿ ಎಂದರೆ ಮನೆ, ಗುಡಿ, ಜನ ಎಲ್ಲ ಸೇರಿದ ವಸತಿ. ಆದರೂ ಇಲ್ಲಿ ಹೊಂದುವುದಿಲ್ಲ, ಅಳತೆ ತಪ್ಪುತ್ತದೆ. ಲಾಸ್ ಏಂಜಲೀಸಿನಲ್ಲಿ ಸುಮಾರು 38 ಲಕ್ಷ ಜನರಿಗೆ 99 ಮಂಡಳಿಗಳು, ಅಂದರೆ ಸರಾಸರಿ ಒಂದಕ್ಕೆ 38 ಸಾವಿರ. ಹುಬ್ಬಳ್ಳಿ-ಧಾರವಾಡದ 82 ವಾರ್ಡುಗಳಲ್ಲಿ, 2011ರ ಜನಸಂಖ್ಯೆ ಹಿಡಿದರೆ, ಒಂದಕ್ಕೆ ಹನ್ನೊಂದೂವರೆ ಸಾವಿರ. ಅಲ್ಲಿಯ ಒಂದು ‘ನೆರೆಹೊರೆ’ ನಮ್ಮ ಮೂರು ವಾರ್ಡಿನಷ್ಟು! ಮೇಲಾಗಿ ‘ಓಣಿ ಕಮಿಟಿ’ ಎಂದರೆ ಇಲ್ಲಿ ಗಣಪತಿ ಕೂಡಿಸುವವರು, ಗುಡಿ ನೋಡಿಕೊಳ್ಳುವ ಪಂಚರು ಕಣ್ಣಿಗೆ ಬರುತ್ತಾರೆ.

ಇನ್ನು ‘ಪರಿಷತ್ತು’. ವಿಧಾನ ಪರಿಷತ್ತು, ಸಾಹಿತ್ಯ ಪರಿಷತ್ತು ಕೇಳಿದ ಕಿವಿಗೆ ಇದು ತೂಕದ ಪದ, ಠರಾವು ಮಾಡಿದರೆ ನಡೆದೇ ತೀರಬೇಕು ಎನಿಸುತ್ತದೆ. ಲಾಸ್ ಏಂಜಲೀಸಿನಲ್ಲಿ 1999ರಲ್ಲಿ ಮತದಾರರು ಒಪ್ಪಿದ ನಗರ ಸನ್ನದು (ನಗರಾಡಳಿತದ ಮೂಲ ಕಾನೂನು) ಈ ಮಂಡಳಿಗಳಿಗೆ ಕೊಟ್ಟದ್ದು ಸಲಹೆಯ ಪಾತ್ರ. ನಗರ ಕೌನ್ಸಿಲಿನ ಮುಂದಿರುವ ವಿಷಯಕ್ಕೆ ಲಿಖಿತ ಅಭಿಪ್ರಾಯ ಸಲ್ಲಿಸಬಹುದು, ಮತ ಹಾಕುವಂತಿಲ್ಲ. ಹಾಗಾಗಿ ‘ಸಲಹಾ’ ಎಂಬುದು ಹೆಸರಿನಲ್ಲೇ ಇರಲಿ: ‘ನೆರೆಹೊರೆ ಸಲಹಾ ಮಂಡಳಿ’. ಎರಡನೆಯ ಸಲ ಬರೆಯುವಾಗ ‘ಸಲಹಾ ಮಂಡಳಿ’ ಸಾಕು. ‘ನೆರೆ ಮಂಡಳಿ’ ಎಂದು ಮಾತ್ರ ಚಿಕ್ಕದು ಮಾಡಬೇಡಿರಿ; ಮಲಪ್ರಭಾ, ವರದಾ ಉಕ್ಕುವ ಗದಗ-ಹಾವೇರಿ ಜಿಲ್ಲೆಗಳಲ್ಲಿ ಅದು ಪ್ರವಾಹ ಪರಿಹಾರದ ಸಮಿತಿಯಾಗಿಬಿಡುತ್ತದೆ.

ಮರುಪ್ರಶ್ನೆ: ಈ ಮಂಡಳಿಯನ್ನು ಆರಿಸುವವರನ್ನು ಅಲ್ಲಿ ‘ಸ್ಟೇಕ್‌ಹೋಲ್ಡರ್’ ಎನ್ನುತ್ತಾರೆ. ಅದಕ್ಕೆ ‘ಪಾಲುದಾರ’ ಎನ್ನಬಹುದೇ?

ಉತ್ತರ: ಪಾಲುದಾರ ಎಂದರೆ ಅಂಗಡಿಯ ಲಾಭದಲ್ಲಿ ಪಾಲಿರುವವನು, ‘ನಿವಾಸಿ’ ಸಾಲದು, ‘ಮತದಾರ’ ತಪ್ಪು. ಅಲ್ಲಿ ವಾಸಿಸುವವರಷ್ಟೇ ಅಲ್ಲ, ಅಲ್ಲಿ ದುಡಿಯುವವರು, ಆಸ್ತಿ ಉಳ್ಳವರೂ ಲೆಕ್ಕಕ್ಕೆ ಬರುತ್ತಾರೆ. ಧಾರವಾಡದ ಮಾಳಮಡ್ಡಿಯಲ್ಲಿ ಮನೆ, ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಅಂಗಡಿ ಇದ್ದವರಿಗೆ ಆ ನಿಯಮದಲ್ಲಿ ಎರಡೂ ಕಡೆ ಸ್ಥಾನವಿದೆ. ‘ಸಂಬಂಧಪಟ್ಟವರು’ ಎಂದರೆ ಇಷ್ಟೂ ಬರುತ್ತದೆ.