ದೋಣಿಗಲ್ ಗುಡ್ಡದ ಮೇಲೆ ಹಾಕಿದ ಪಿನ್ ಟೀ ಅಂಗಡಿ ತೋರಿಸುತ್ತಿದೆ, ಏನು ಮಾಡಲಿ?

ಪ್ರಶ್ನೆ:
ನಮಸ್ಕಾರ. ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ಘಾಟಿಯ ರೈಲುಗಳ ಫೋಟೊ ತೆಗೆಯೋದು ನನ್ನ ಹವ್ಯಾಸ. ಹೋದ ತಿಂಗಳು ದೋಣಿಗಲ್ ಹತ್ತಿರ ಒಂದು ಕಾಫಿ ತೋಟದ ಗುಡ್ಡದಿಂದ ಎದುರಿನ ಸೇತುವೆ ಪೂರ್ತಿ ಕಂಡಿತು. ಅಲ್ಲೇ ನಿಂತು ಫೋನಿನ ನಕ್ಷೆಯಲ್ಲಿ ಪಿನ್ (ಜಾಗದ ಗುರುತು) ಹಾಕಿದೆ. ಈ ವಾರ ಮತ್ತೆ ಹೋದರೆ ಅದು ಕರೆದುಕೊಂಡು ಹೋಗಿದ್ದು ಹೆದ್ದಾರಿ ಪಕ್ಕದ ಟೀ ಅಂಗಡಿಗೆ! ಗುಡ್ಡ ಅಲ್ಲಿಂದ ಒಂದೂವರೆ ಕಿಲೋಮೀಟರ್ ದೂರ. ಬ್ಯಾಟರಿ ಉಳಿಯಲಿ ಅಂತ ಏರೋಪ್ಲೇನ್ ಮೋಡ್ ಹಾಕಿದ್ದೆ. ಅದಕ್ಕೇ ಹೀಗಾಯಿತಾ?

ಉತ್ತರ:
ಪಿನ್ ಹಾಕುವಾಗ ನಿಮ್ಮ ಜಾಗದ ಚುಕ್ಕೆ ನೀಲಿ ಇತ್ತಾ, ಬೂದು ಇತ್ತಾ ಸರ್?

ಕೇಳಿದವರು:
ಆಗ ತೆಗೆದ ಸ್ಕ್ರೀನ್‌ಶಾಟ್ ನೋಡಿದೆ. ಬೂದು. ಟೀ ಕುಡಿಯುವಾಗ ಒಮ್ಮೆ ನಕ್ಷೆ ತೆರೆದಿದ್ದೆ, ಆಮೇಲೆ ಗುಡ್ಡದ ಮೇಲೇ ತೆರೆದಿದ್ದು.

ಉತ್ತರ:
ಹಾಗಾದರೆ ಅದೇ ಕಾರಣ. ಬೂದು ಚುಕ್ಕೆ ಅಂದರೆ ಫೋನಿಗೆ ಈಗಿನ ಜಾಗ ಇನ್ನೂ ಸಿಕ್ಕಿಲ್ಲ, ಹಳೆಯದನ್ನೇ ತೋರಿಸುತ್ತಿದೆ. ಜಿಪಿಎಸ್‌ಗೆ ನೆಟ್‌ವರ್ಕ್ ಬೇಕಿಲ್ಲ, ಹೆಚ್ಚಿನ ಫೋನ್‌ಗಳಲ್ಲಿ ಏರೋಪ್ಲೇನ್ ಮೋಡ್‌ನಲ್ಲೂ ನಡೆಯುತ್ತದೆ. ಆದರೆ ನೆಟ್ ಇದ್ದರೆ ಉಪಗ್ರಹಗಳು ಎಲ್ಲಿವೆ ಅನ್ನೋ ಮಾಹಿತಿ ತಟ್ಟನೆ ಇಳಿಯುತ್ತದೆ. ಇಲ್ಲದಿದ್ದರೆ ಉಪಗ್ರಹದಿಂದಲೇ ಪಡೆಯಬೇಕು. ಅದು ಆ ಮಾಹಿತಿಯನ್ನು 30 ಸೆಕೆಂಡಿಗೊಮ್ಮೆ ಮತ್ತೆ ಕಳಿಸುತ್ತದೆ. ಮರದ ಕೆಳಗೆ ಸಿಗ್ನಲ್ ಮಧ್ಯೆ ಕಡಿದರೆ ಮುಂದಿನ ಸುತ್ತಿಗೆ ಕಾಯಬೇಕು. ಸಿಲ್ವರ್ ಓಕ್ ತೋಪಿನಲ್ಲಿ ಇದು ಜಾಸ್ತಿ.

ಸಕಲೇಶಪುರದಲ್ಲೇ ನೆಟ್ ಹಾಕಿ ನಕ್ಷೆ ತೆರೆಯಿರಿ, ಆಫ್‌ಲೈನ್ ನಕ್ಷೆಯನ್ನೂ ಇಳಿಸಿಕೊಳ್ಳಿ. ಗುಡ್ಡದ ಮೇಲೆ ಬಯಲಲ್ಲಿ ನಿಂತು, ಚುಕ್ಕೆ ನೀಲಿಯಾಗಿ ಸುತ್ತಲಿನ ವೃತ್ತ ಕುಗ್ಗುವವರೆಗೆ ಕಾಯಿರಿ. ಆಮೇಲೆ ಪಿನ್.

ಇನ್ನೊಬ್ಬರು:
ಒಂದು ಪಿನ್ ಸಾಲದು. ನಾನು ಆಸ್ಮ್ಯಾಂಡ್ ಅನ್ನೋ ನಕ್ಷೆ ಆ್ಯಪ್‌ನಲ್ಲಿ ಹತ್ತಿದ ದಾರಿಯನ್ನೂ ರೆಕಾರ್ಡ್ ಮಾಡುತ್ತೇನೆ. ಬ್ಯಾಟರಿ ಸೇವರ್ ಆ ಆ್ಯಪ್‌ಗೆ ಅಡ್ಡ ಬರದಂತೆ ಮೊದಲೇ ಆಫ್ ಮಾಡಿ, ಇಲ್ಲದಿದ್ದರೆ ದಾರಿ ಅರ್ಧಕ್ಕೇ ನಿಲ್ಲುತ್ತದೆ. ಅಕ್ಷಾಂಶ, ರೇಖಾಂಶವನ್ನು ದಶಮಾಂಶದ ಐದು ಅಂಕೆವರೆಗೆ ಪುಸ್ತಕದಲ್ಲೂ ಬರೆದಿಡಿ. ಐದನೇ ಅಂಕೆ ಅಂದರೆ ಸುಮಾರು 1 ಮೀಟರ್. ಜೊತೆಗೆ ಸೇತುವೆ ಯಾವ ದಿಕ್ಕಿಗಿದೆ, ಬಿಸಿಲು ಎಷ್ಟು ಹೊತ್ತಿಗೆ ಬೀಳುತ್ತೆ ಅಂತಲೂ ಬರೆಯಿರಿ. ಮುಂದಿನ ಸಲ ಉಪಯೋಗಕ್ಕೆ ಬರೋದು ಅದೇ.

ಇನ್ನೊಂದು ಮಾತು. ಗುಡ್ಡಕ್ಕೆ ಹತ್ತಿರ ಅಂತ ಹಳಿ ಮೇಲೆ ನಡೆಯಬೇಡಿ. ಈ ಘಾಟಿಯ ಹಳಿಯಲ್ಲಿ 57 ಸುರಂಗಗಳಿವೆ, ರೈಲು ಬಂದರೆ ಪಕ್ಕಕ್ಕೆ ಸರಿಯಲು ಜಾಗ ಸಿಗೋದು ಕಷ್ಟ. ಕಾನೂನಿನಲ್ಲೂ ಅದು ತಪ್ಪು. ತೋಟದವರನ್ನು ಕೇಳಿಯೇ ಹತ್ತಿ.

ಕೇಳಿದವರು:
ಭಾನುವಾರ ಹೋಗಿ ಬಂದೆ. ತೋಟದ ಯಜಮಾನರು ಖುಷಿಯಿಂದಲೇ ಬಿಟ್ಟರು. ಬಂಡೆ ಮೇಲೆ ನಾಲ್ಕು ನಿಮಿಷ ಕಾದೆ, ವೃತ್ತ ಕುಗ್ಗಿತು, ಪಿನ್ ಹಾಕಿದೆ. ಮನೆಗೆ ಬಂದು ಉಪಗ್ರಹ ಚಿತ್ರದಲ್ಲಿ ನೋಡಿದರೆ ಪಿನ್ ಅದೇ ಬಂಡೆ ಮೇಲಿದೆ. ಇಬ್ಬರಿಗೂ ತುಂಬಾ ಧನ್ಯವಾದ.